ಶಿಬಿರ ಮುಗಿದ ಮೇಲೆ ಏಳಬೇಕಾದ ಪ್ರಶ್ನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಪದವಿ ಓದಿದವರಿಗೆ ಎನ್ನೆಸ್ಸೆಸ್ ಶಿಬಿರವನ್ನು ಪರಿಚಯಿಸಬೇಕಿಲ್ಲ. ದತ್ತು ಪಡೆದ ಹಳ್ಳಿಯಲ್ಲಿ ಏಳು ದಿನ ವಾಸ್ತವ್ಯ. ಬೆಳಿಗ್ಗೆ ಚರಂಡಿ, ಗುಡಿಯ ಅಂಗಳ, ಶಾಲೆಯ ಆವರಣದ ಸ್ವಚ್ಛತೆ, ಮಧ್ಯಾಹ್ನ ಉಪನ್ಯಾಸ, ಸಂಜೆ ಹಾಡು, ನಾಟಕ, ಕೊನೆಯ ದಿನ ಸಮಾರೋಪ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ದುಡಿದ ಸ್ವಯಂಸೇವಕರಿಗೆ ಪ್ರಮಾಣಪತ್ರ. ಈ ದುಡಿಮೆಯನ್ನು ಹಗುರಾಗಿ ಕಾಣುವಂತಿಲ್ಲ. ಓದಿದವರು ಮೈಮುರಿದು ಕೆಲಸ ಮಾಡುವುದು ತಮಗೆ ತಕ್ಕುದಲ್ಲ ಎಂದು ನಂಬಿದ ಸಮಾಜದಲ್ಲಿ ಸಲಿಕೆ ಹಿಡಿದ ವಿದ್ಯಾರ್ಥಿ ದೊಡ್ಡದೊಂದು ಗೋಡೆ ದಾಟಿರುತ್ತಾನೆ. ಆದರೆ ಚರಂಡಿ ಶುಚಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಊರಿನ ಉಳಿದ ಓಣಿಗಳಿಗೆ ಕಾಂಕ್ರೀಟ್ ರಸ್ತೆ ಬಂದಿರುವಾಗ ಈ ಕೇರಿಯ ಚರಂಡಿಯೇ ಪ್ರತಿ ವರ್ಷ ಏಕೆ ಕಟ್ಟಿಕೊಳ್ಳುತ್ತದೆ? ಈ ಪ್ರಶ್ನೆಗೆ ಶಿಬಿರದ ವೇಳಾಪಟ್ಟಿಯಲ್ಲಿ ಜಾಗವಿಲ್ಲ, ಕಾಲೇಜಿನ ಪಠ್ಯದಲ್ಲೂ ಇಲ್ಲ. ಸೇವೆಯನ್ನು ತರಗತಿಯೊಳಗೆ ತಂದು, ನ್ಯಾಯದ ಪ್ರಶ್ನೆಗೆ ಜೋಡಿಸಿ, ಈ ನೆಲದ ಧರ್ಮಪರಂಪರೆಗಳ ಜೊತೆ ನಿಷ್ಠುರವಾಗಿ ಮಾತಾಡಿಸಿ ಕಲಿಸುವ ಕೋರ್ಸ್ ಈ ಐದು ತಾಲ್ಲೂಕುಗಳಿಗೆ ಬೇಕು, ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿಯೇ ಇದೆ ಎಂಬುದು ಈ ಲೇಖನದ ವಾದ.

ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಹುಟ್ಟಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮಶತಾಬ್ದಿಯ ವರ್ಷದಲ್ಲಿ. 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಅದು ಶುರುವಾಯಿತು. ಅದೇ ವರ್ಷ ಅಮೆರಿಕದಲ್ಲಿ, ಜೆಸ್ವಿಟ್ ಪಾದ್ರಿಗಳು ಸ್ಥಾಪಿಸಿದ ಬಾಸ್ಟನ್ ಕಾಲೇಜಿನಲ್ಲಿ ‘ಪಲ್ಸ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಅಲ್ಲಿಯ ವಿದ್ಯಾರ್ಥಿ ವರ್ಷವಿಡೀ ಪ್ರತಿ ವಾರ ನಿರಾಶ್ರಿತರ ತಂಗುದಾಣದಲ್ಲೋ ಬಡ ಮಕ್ಕಳ ಶಾಲೆಯಲ್ಲೋ ಕೆಲಸ ಮಾಡುತ್ತಾನೆ. ಜೊತೆಗೆ ತತ್ತ್ವಶಾಸ್ತ್ರವನ್ನೂ ದೇವಶಾಸ್ತ್ರವನ್ನೂ ಓದುತ್ತಾನೆ. ವಾರದ ಕೆಲಸದಲ್ಲಿ ಕಂಡದ್ದನ್ನು ಓದಿನ ಎದುರಿಗೂ, ಓದಿದ್ದನ್ನು ಕಂಡದ್ದರ ಎದುರಿಗೂ ಇಟ್ಟು ಚರ್ಚಿಸುತ್ತಾನೆ. ಆರು ವರ್ಷಗಳ ನಂತರ, 1975ರಲ್ಲಿ, ಜೆಸ್ವಿಟ್ ಸಂಘದ ಮಹಾಸಭೆಯೇ ನ್ಯಾಯಕ್ಕಾಗಿ ದುಡಿಯದ ಶ್ರದ್ಧೆ ಅಪೂರ್ಣ ಎಂಬ ನಿಲುವಿಗೆ ಬಂತು. ಎರಡು ಯೋಜನೆಗಳ ನಡುವಿನ ವ್ಯತ್ಯಾಸ ಗಮನಿಸಬೇಕಾದದ್ದು. ನಮ್ಮದು ಸೇವೆಯನ್ನು ಪಾಠದ ಹೊರಗೆ ಇಟ್ಟಿತು. ಅವರದು ಪಾಠದ ನಡುಮನೆಗೆ ತಂದಿತು. ಹಾಗೆಂದು ಬಾಸ್ಟನ್ನಿನ ಪಠ್ಯಪಟ್ಟಿಯನ್ನು ಚಿಕ್ಕೋಡಿಗೆ ತರಿಸಿಕೊಳ್ಳುವ ಅಗತ್ಯವಿಲ್ಲ. ಕೃಷ್ಣೆ, ದೂಧಗಂಗಾ, ವೇದಗಂಗೆಯರ ಈ ಸೀಮೆಯಲ್ಲಿ ಸೇವೆ, ನ್ಯಾಯ, ಧರ್ಮ ಮೂರೂ ನೂರು ವರ್ಷಗಳಿಂದ ಪರಸ್ಪರ ವಾಗ್ವಾದ ನಡೆಸುತ್ತಲೇ ಬಂದಿವೆ.

ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳನ್ನು (1836–1921) ಜನ ಇಂದಿಗೂ ನೆನೆಯುವುದು ಅವರ ತಪಸ್ಸಿಗೆ ಎಷ್ಟೋ, ಅವರ ಕರುಣೆಗೂ ಅಷ್ಟೇ. ಅವರ ಶಿಷ್ಯರಾದ ಮೃತ್ಯುಂಜಯ ಸ್ವಾಮಿಗಳು ಧಾರವಾಡದ ಮುರುಘಾಮಠದಲ್ಲಿ ಬಡ ವಿದ್ಯಾರ್ಥಿಗಳಿಗೆ ಪ್ರಸಾದನಿಲಯ ನಡೆಸಿದರು. ಅಲ್ಲಿ ಉಂಡು ಓದಿದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ಇನ್ನೊಂದೆಡೆ, ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1902ರಲ್ಲಿ ಶಾಹೂ ಮಹಾರಾಜರು ಹಿಂದುಳಿದವರಿಗೆ ಸಂಸ್ಥಾನದ ನೌಕರಿಗಳಲ್ಲಿ ಶೇಕಡ 50ರಷ್ಟು ಮೀಸಲಾತಿ ಘೋಷಿಸಿದಾಗ ಆ ಆದೇಶ ರಾಯಬಾಗದ ಜನರಿಗೂ ಸಂಬಂಧಿಸಿದ್ದಾಗಿತ್ತು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ನಡೆದ ಮುಂಬೈ ಪ್ರಾಂತದ ಅಸ್ಪೃಶ್ಯರ ಸಮ್ಮೇಳನಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅಧ್ಯಕ್ಷರಾಗಿ ಬಂದರು. ಏಳು ವರ್ಷಗಳ ನಂತರ, 1932ರಲ್ಲಿ, ಹರಿಜನ ಸೇವೆಗೆಂದು ಹೊಸದಾಗಿ ಹುಟ್ಟಿದ ಸಂಘಕ್ಕೆ ಅಂಬೇಡ್ಕರ್ ಬರೆದ ಪತ್ರದ ತಿರುಳು ಇಂದಿನ ಪ್ರತಿ ಶಿಬಿರಾಧಿಕಾರಿಯೂ ಅರಿಯಬೇಕಾದದ್ದು: ವ್ಯಕ್ತಿಗಳನ್ನು ಒಬ್ಬೊಬ್ಬರಾಗಿ ತಿದ್ದುವ, ನೆರವು ಕೊಡುವ ಕೆಲಸಕ್ಕಿಂತ ಅವರನ್ನು ಕೆಳಗೆ ಒತ್ತಿರುವ ಸಾಮಾಜಿಕ ಪರಿಸರವನ್ನು ಬದಲಿಸುವ ಕೆಲಸ ಮೊದಲಾಗಬೇಕು, ಬಾವಿ, ಶಾಲೆ, ಸಾರ್ವಜನಿಕ ಸಾರಿಗೆಗಳಲ್ಲಿ ನಾಗರಿಕ ಹಕ್ಕು ಸಿಗಬೇಕು. ಸೇವೆಗೂ ನ್ಯಾಯಕ್ಕೂ ನಡುವಿನ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ಎಳೆದವರು ಕಡಿಮೆ.

ಈ ಭಾಗದ ಜೈನ ಪರಂಪರೆ ಇನ್ನೂ ಸೂಕ್ಷ್ಮವಾದ ಪಾಠ ಹೇಳುತ್ತದೆ. ಭೋಜದ ಮನೆತನದ ಆಚಾರ್ಯ ಶಾಂತಿಸಾಗರರು, ಶೇಡಬಾಳದ ಆಚಾರ್ಯ ವಿದ್ಯಾನಂದರು, ಸದಲಗಾದ ಆಚಾರ್ಯ ವಿದ್ಯಾಸಾಗರರು ದೇಶದ ದಿಗಂಬರ ಸಮಾಜ ಪೂಜಿಸುವ ಮುನಿಗಳು; ಮೂವರ ಬೇರೂ ಇದೇ ಕಪ್ಪು ಮಣ್ಣಿನಲ್ಲಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಕಲ್ಪನೆ ಇಲ್ಲಿಯ ಶ್ರಾವಕರ ಮನೆಮನೆಯ ಮಾತು. ಪಕ್ಕದ ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಭಾವುರಾವ್ ಪಾಟೀಲರು ಕೊಲ್ಹಾಪುರದಲ್ಲಿ ಓದುವಾಗ ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿನಿಲಯದ ಉದ್ಘಾಟನೆಗೆ ಹೋಗಿಬಂದು, ಶುದ್ಧಿಸ್ನಾನಕ್ಕೆ ಒಪ್ಪದೆ, ತಮ್ಮ ಜೈನ ಬೋರ್ಡಿಂಗ್‌ನಿಂದ ಹೊರಬಿದ್ದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಉಂಡು, ದುಡಿದು ಓದುವ ವಸತಿನಿಲಯಗಳನ್ನು ನಡೆಸಿದರು. ಇತ್ತ ಶಾಂತಿಸಾಗರರು 1947ರ ಮುಂಬೈ ಪ್ರಾಂತದ ಹರಿಜನ ದೇಗುಲ ಪ್ರವೇಶ ಕಾಯ್ದೆ ಜೈನ ಬಸದಿಗಳಿಗೆ ಅನ್ವಯಿಸದು, ಜೈನ ಧರ್ಮ ಸ್ವತಂತ್ರವಾದದ್ದು ಎಂದು ಹಟಹಿಡಿದು ವರ್ಷಗಟ್ಟಲೆ ಧಾನ್ಯಾಹಾರ ತ್ಯಜಿಸಿದರು. ಒಂದೇ ಧರ್ಮ, ಒಂದೇ ಸೀಮೆ; ಇಬ್ಬರೂ ತಮ್ಮ ನಂಬಿಕೆಗಾಗಿ ಬೆಲೆ ತೆತ್ತವರು; ಆದರೆ ನಿಲುವು ಬೇರೆ. ಧರ್ಮವೆಂದರೆ ಸಿದ್ಧ ಉತ್ತರಗಳ ಗಂಟು ಎಂದು ತಿಳಿದ ವಿದ್ಯಾರ್ಥಿಗೆ ಈ ಇಬ್ಬರನ್ನು ಒಟ್ಟಿಗೆ ಓದಿಸಿದರೆ, ಧರ್ಮದೊಳಗೇ ನ್ಯಾಯದ ಜಗಳ ನಡೆಯುತ್ತದೆ, ಆ ಜಗಳದಲ್ಲಿ ತಾನೂ ಒಂದು ನಿಲುವು ತಾಳಬೇಕಾಗುತ್ತದೆ ಎಂಬುದು ಅರಿವಾಗುತ್ತದೆ.

ಇಂಥ ಕೋರ್ಸ್ ಹೇಗೆ ಕೆಲಸ ಮಾಡೀತು ಎಂಬುದಕ್ಕೆ ಮಹಾಪೂರದ ಉದಾಹರಣೆ ಸಾಕು. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಬಿರುಸಾಗಿ, ಕೊಯ್ನಾ ಮೊದಲಾದ ಜಲಾಶಯಗಳಿಂದ ನೀರು ಬಿಟ್ಟರೆ ಇಲ್ಲಿ ಕಲ್ಲೋಳ–ಯಡೂರ, ಸದಲಗಾ–ಬೋರಗಾಂವ, ಕಾರದಗಾ–ಭೋಜ, ಜತ್ರಾಟ–ಭೀವಶಿ ಸೇತುವೆಗಳು ಒಂದೊಂದಾಗಿ ಮುಳುಗುತ್ತವೆ. 2005, 2019, 2021ರಲ್ಲಿ ನೀರು ಸೇತುವೆ ದಾಟಿ ಊರೊಳಗೆ ಬಂತು. ಆಗೆಲ್ಲ ಮಠಗಳು, ಬಸದಿಗಳು, ಮಸೀದಿಗಳು, ಕಾಲೇಜುಗಳು ಅನ್ನ, ಬಟ್ಟೆ, ಔಷಧ ಕೊಟ್ಟವು. ವಿದ್ಯಾರ್ಥಿಗಳು ಗಂಜಿ ಕೇಂದ್ರಗಳಲ್ಲಿ ದುಡಿದರು. ಇದು ಆಹಾರದಾನ, ಔಷಧದಾನ, ದಾಸೋಹ. ನೀರು ಇಳಿದ ಮೇಲೆ ಬೇರೆಯೇ ಕಥೆ ಶುರುವಾಗುತ್ತದೆ. 2019ರಲ್ಲಿ ಸರ್ಕಾರ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ನೆಲಕಚ್ಚಿದ ಮನೆಗೆ ಐದು ಲಕ್ಷ ರೂಪಾಯಿ ಘೋಷಿಸಿತು. ಯಾವ ಮನೆ ಯಾವ ಅಕ್ಷರಕ್ಕೆ ಸೇರಬೇಕು ಎಂದು ನಿರ್ಧರಿಸಿದವರು ಯಾರು? ಉತಾರೆ ಅಪ್ಪನ ಹೆಸರಲ್ಲೇ ಉಳಿದ ಮನೆಯ ವಿಧವೆ ಸೊಸೆಗೆ ಏನಾಯಿತು? ಬಾಡಿಗೆ ಗುಡಿಸಲಿನವರಿಗೆ, ಹೊಳೆದಂಡೆಯ ಗಾಂವಠಾಣದ ಹೊರಗೆ ಕಟ್ಟಿಕೊಂಡವರಿಗೆ? ಯಾರ ಕೇರಿ ತಗ್ಗಿನಲ್ಲಿದೆ, ಅದು ತಗ್ಗಿನಲ್ಲೇ ಏಕಿದೆ? ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಗಟ್ಟಿ ಪಠ್ಯ ಸಿಗದು. ಪಂಚನಾಮೆಯ ಕಾಗದ ಓದಲು, ಮಾಹಿತಿ ಹಕ್ಕಿನ ಅರ್ಜಿ ಬರೆಯಲು, ಸಂತ್ರಸ್ತರ ಜೊತೆ ಗ್ರಾಮಸಭೆಯಲ್ಲಿ ಕೂರಲು ಕಲಿತ ಹುಡುಗಿ ಗಂಜಿ ಬಡಿಸಿದ್ದಕ್ಕಿಂತ ಕಡಿಮೆ ಸೇವೆ ಮಾಡಿರುವುದಿಲ್ಲ. ಅಭಯದಾನದ ಇಂದಿನ ರೂಪ ಬಹುಶಃ ಇದೇ: ನಿನ್ನ ಹಕ್ಕು ಕಾಗದದಲ್ಲಿ ಕಳೆದುಹೋಗದಂತೆ ನಾನು ಜೊತೆಗಿರುತ್ತೇನೆ ಎಂಬ ಭರವಸೆ.

ಅಥಣಿಯ ಚಪ್ಪಲಿಯನ್ನು ಎರಡನೆಯ ಪಠ್ಯವಾಗಿ ಇಡಬಹುದು. ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಪಾದರಕ್ಷೆಯ ಗಣನೀಯ ಪಾಲನ್ನು ಹೊಲಿಯುವವರು ಅಥಣಿ ಸುತ್ತಿನ ಚರ್ಮಕುಶಲಿಗಳು. 1990ರ ದಶಕದ ಕೊನೆಯಲ್ಲಿ ಇಲ್ಲಿಯ ಕುಶಲಕರ್ಮಿ ಮಹಿಳೆಯರು ಸ್ವಸಹಾಯ ಗುಂಪು ಕಟ್ಟಿಕೊಂಡು ‘ಟೋಹೋಲ್ಡ್’ ಹೆಸರಿನಲ್ಲಿ ನೇರ ಮಾರುಕಟ್ಟೆಗೆ ಇಳಿದರು. 2019ರಲ್ಲಿ ಮಹಾರಾಷ್ಟ್ರದ ನಾಲ್ಕು ಹಾಗೂ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ ಭೌಗೋಳಿಕ ಗುರುತು ಸಿಕ್ಕಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿ, ಟೀಕೆ ಬಂದ ಮೇಲೆ ಅದರ ಸ್ಫೂರ್ತಿ ಭಾರತದ ಕೈಕಸುಬು ಎಂದು ಒಪ್ಪಿಕೊಂಡಿತು. ನಾವೆಲ್ಲ ಆ ಪರದೇಶಿ ಕಂಪನಿಯ ಮೇಲೆ ಸಿಟ್ಟಾದೆವು, ಅದು ಸರಿಯೂ ಆಗಿತ್ತು. ಆದರೆ ಚಪ್ಪಲಿ ಹೊಲಿಯುವವರ ಜೊತೆ ನಮ್ಮದೇ ಊರುಗಳ ವ್ಯವಹಾರ ಹೇಗಿದೆ? ಹನ್ನೆರಡನೆಯ ಶತಮಾನದ ಸಮಗಾರ ಹರಳಯ್ಯ ಶರಣರ ಸಾಲಿನಲ್ಲಿ ಪೂಜ್ಯ. ಆತನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯೇ ಕಲ್ಯಾಣದ ದುರಂತಕ್ಕೆ ಕಾರಣವಾಯಿತೆಂದು ಪರಂಪರೆ ಹೇಳುತ್ತದೆ. ಹರಳಯ್ಯನ ಜಯಂತಿಯಲ್ಲಿ ಹಾರ ಹಾಕುವ ಊರು ಹರಳಯ್ಯನ ಕುಲದವರಿಗೆ ಬಾಡಿಗೆ ಮನೆ ಕೊಡುತ್ತದೆಯೇ, ಅವರ ಕಾಯಕಕ್ಕೆ ತಕ್ಕ ಕೂಲಿ ಸಲ್ಲುತ್ತದೆಯೇ ಎಂದು ಕೇಳುವ ಧೈರ್ಯ ತರಗತಿಗೆ ಬೇಕು. ಕಾಯಕದ ಹಿರಿಮೆಯನ್ನು ಭಾಷಣದಿಂದ ಕೂಲಿಯ ಲೆಕ್ಕಕ್ಕೆ ಇಳಿಸಿ ನೋಡುವ ವಿದ್ಯಾರ್ಥಿ ಬಸವತತ್ತ್ವಕ್ಕೆ ಅಪಚಾರ ಮಾಡುವುದಿಲ್ಲ, ಅದನ್ನು ಗಂಭೀರವಾಗಿ ಪರಿಗಣಿಸುತ್ತಾನೆ.

ಇಲ್ಲಿಯೇ ಅತ್ಯಂತ ಬಲವಾದ ಆಕ್ಷೇಪ ಎದುರಾಗುತ್ತದೆ. ಅನ್ಯಾಯವನ್ನು ಧರ್ಮವೇ ಹುಟ್ಟುಹಾಕಿರುವಾಗ ಧರ್ಮವನ್ನು ನ್ಯಾಯದ ಪಾಠಕ್ಕೆ ಕರೆಯುವುದು ಎಷ್ಟು ಸರಿ? ದೇವದಾಸಿ ಪದ್ಧತಿ ಈ ಜಿಲ್ಲೆಯ ಕಣ್ಣೆದುರಿನ ಸಾಕ್ಷ್ಯ. ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರಲ್ಲಿ ಬಹುಪಾಲು ದಲಿತ ಕೇರಿಗಳವರು. 1934ರಲ್ಲಿ ಮುಂಬೈ ಪ್ರಾಂತ, 1982ರಲ್ಲಿ ಕರ್ನಾಟಕ ಕಾನೂನು ಮಾಡಿದರೂ, 1993–94 ಮತ್ತು 2007–08ರ ರಾಜ್ಯ ಸಮೀಕ್ಷೆಗಳು ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದವು. ಆಕ್ಷೇಪ ನಿಜ, ಆದ್ದರಿಂದಲೇ ಧರ್ಮವನ್ನು ತರಗತಿಯಿಂದ ಹೊರಗಿಡಬಾರದು. ಹೊರಗಿಟ್ಟ ಮಾತ್ರಕ್ಕೆ ಅದು ವಿದ್ಯಾರ್ಥಿಯ ಮನೆಯಿಂದ, ಜಾತ್ರೆಯಿಂದ, ಮದುವೆ ಮಾತುಕತೆಯಿಂದ ಮರೆಯಾಗುವುದಿಲ್ಲ. ಪ್ರಶ್ನೆಗೆ ಸಿಗದಂತೆ ಸುರಕ್ಷಿತವಾಗಿರುತ್ತದೆ, ಅಷ್ಟೇ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರು ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವರು. 1997ರಲ್ಲಿ ಮಾಜಿ ದೇವದಾಸಿಯರೇ ಘಟಪ್ರಭಾದಲ್ಲಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಅವರು ಮುನ್ನಡೆಸಿದರು. 2018ರಲ್ಲಿ ಪದ್ಮಶ್ರೀ ಪಡೆದರು. ಈ ಮಹಿಳೆಯರನ್ನು ಯಾರೋ ಹೊರಗಿನವರು ಬಂದು ಉದ್ಧರಿಸಲಿಲ್ಲ. ಸರ್ಕಾರ ಮತ್ತು ಸಂಸ್ಥೆಗಳ ನೆರವು ಇತ್ತು, ದಾರಿ ಹುಡುಕಿದವರು ಅವರೇ. ವಿದ್ಯಾರ್ಥಿ ಇಂಥವರ ಬಳಿ ಹೋಗಬೇಕಾದದ್ದು ಸೇವೆ ಮಾಡಲಿಕ್ಕಲ್ಲ, ಕಲಿಯಲಿಕ್ಕೆ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳ ಬಗೆಗೂ ಇದೇ ಮಾತು. ಧೂಳು, ಕಡಿಮೆ ಕೂಲಿ, ಅವಮಾನಗಳ ವಿರುದ್ಧ ಅವರು ಸಂಘ ಕಟ್ಟಿ ಹೋರಾಡಿದ್ದನ್ನು ಯುಗಾಂತರ್ ಎಂಬ ಮಹಿಳಾ ಬಳಗ 1982ರಲ್ಲಿ ಅವರದೇ ಸಹಭಾಗದಲ್ಲಿ ಸಾಕ್ಷ್ಯಚಿತ್ರವಾಗಿ ದಾಖಲಿಸಿತು. ನಮ್ಮ ಕಾಲೇಜುಗಳ ಎಷ್ಟು ತರಗತಿಗಳಲ್ಲಿ ಅದನ್ನು ತೋರಿಸಲಾಗಿದೆ?

ಎರಡನೆಯ ಆಕ್ಷೇಪ ಸಂವಿಧಾನದ್ದು. ಸರ್ಕಾರದ ಹಣದಿಂದಲೇ ಪೂರ್ತಿ ನಡೆಯುವ ಸಂಸ್ಥೆಯಲ್ಲಿ ಧರ್ಮಬೋಧನೆ ಸಲ್ಲದು ಎನ್ನುತ್ತದೆ 28ನೇ ವಿಧಿ. ಅನುದಾನಿತ ಸಂಸ್ಥೆಗಳಲ್ಲಿ ಯಾರನ್ನೂ ಒತ್ತಾಯಿಸುವಂತಿಲ್ಲ. ಈ ಎಚ್ಚರಿಕೆ ಅಗತ್ಯವಾದದ್ದೇ. ಆದರೆ ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಅಧ್ಯಯನ ಮಾಡುವುದು ಬೇರೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಭೇದವನ್ನು ಒಪ್ಪಿತು. ಇಲ್ಲಿ ಸೂಚಿಸುತ್ತಿರುವ ಕೋರ್ಸಿನಲ್ಲಿ ಪ್ರಾರ್ಥನೆಗೂ ದೀಕ್ಷೆಗೂ ಸ್ಥಾನವಿಲ್ಲ. ಶರಣ ಚಳವಳಿ, ಜೈನ ಅಹಿಂಸೆ, ಇಸ್ಲಾಮಿನ ಜಕಾತ್, ಕ್ರೈಸ್ತರ ಸೇವಾಪರಂಪರೆ, ಅಂಬೇಡ್ಕರರ ಬೌದ್ಧ ಮಾರ್ಗ, ಯಾವ ದೇವರನ್ನೂ ನಂಬದ ವಿಚಾರವಾದ ಎಲ್ಲವೂ ಒಂದೇ ಮೇಜಿನ ಮೇಲೆ, ಒಂದೇ ಪ್ರಶ್ನೆಯ ಎದುರಿಗೆ ಬರಬೇಕು: ಬಡವನ ಹಕ್ಕಿನ ಬಗ್ಗೆ ನೀನು ಏನು ಹೇಳುತ್ತೀಯೆ, ನಿನ್ನನ್ನು ನಂಬಿದವರು ಏನು ಮಾಡಿದ್ದಾರೆ? ನಂಬಿಕೆಯಿಲ್ಲದ ವಿದ್ಯಾರ್ಥಿಗೆ ಇದರಿಂದ ಭಯವಿಲ್ಲ, ನಂಬುವ ವಿದ್ಯಾರ್ಥಿಗೆ ಅವಮಾನವಿಲ್ಲ. ಇನ್ನೊಂದು ಆತಂಕವೂ ಇದೆ. ಈ ಸೀಮೆಯ ಎಷ್ಟೋ ಕಡೆ ಶಿಕ್ಷಣ ಸಂಸ್ಥೆ, ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು ಒಂದೇ ಮುಖಂಡತ್ವದ ಸುತ್ತ ಬೆಳೆದಿವೆ. ಕಬ್ಬು ಕಡಿಯುವ ಗ್ಯಾಂಗಿನವರ ಕೂಲಿ, ಅವರ ಮಕ್ಕಳ ಶಾಲೆ ಕುರಿತು ವಿದ್ಯಾರ್ಥಿಗಳು ಕೇಳತೊಡಗಿದರೆ ಆಡಳಿತ ಮಂಡಳಿ ಸಹಿಸೀತೇ? ಕಷ್ಟವೇ ಸರಿ. ಆದರೆ 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಕೂಡಿ ಕೆಎಲ್‌ಇ ಸಂಸ್ಥೆ ಕಟ್ಟಿದಾಗಿನಿಂದ ಈ ಭಾಗದ ಶಿಕ್ಷಣ ನಿಂತಿರುವುದು ಜನರ ದೇಣಿಗೆ ಮತ್ತು ವಿಶ್ವಾಸದ ಮೇಲೆ. ಆರೋಪದ ದನಿ ಬಿಟ್ಟು ದಾಖಲೆ ಹಿಡಿದು ಕೇಳುವ ಪ್ರಶ್ನೆ ಆ ವಿಶ್ವಾಸವನ್ನು ಗಟ್ಟಿಮಾಡುತ್ತದೆ.

ಉಳಿದ ಆಕ್ಷೇಪಗಳು ವ್ಯವಹಾರದವು, ಅವಕ್ಕೆ ಉತ್ತರವೂ ವ್ಯವಹಾರದ್ದೇ. ಕಡ್ಡಾಯ ಮಾಡಿದರೆ ಅದು ಸೇವೆಯೇ ಎಂದು ಕೇಳಬಹುದು. ಇಲ್ಲಿ ಅಂಕ ಕೊಡುವುದು ಕರುಣೆಗಲ್ಲ, ಕಲಿಕೆಗೆ: ವಿದ್ಯಾರ್ಥಿ ಏನು ಕಂಡ, ಅದನ್ನು ಹೇಗೆ ಅರ್ಥಮಾಡಿಕೊಂಡ, ಎಷ್ಟು ಪ್ರಾಮಾಣಿಕವಾಗಿ ಬರೆದ ಎಂಬುದಕ್ಕೆ. ಬಡವರ ಕೇರಿ ವಿದ್ಯಾರ್ಥಿಗಳ ಪ್ರಯೋಗಶಾಲೆಯಾಗುತ್ತದೆ ಎಂಬ ಭಯ ಇನ್ನೂ ನ್ಯಾಯವಾದದ್ದು. ವರ್ಷಕ್ಕೊಂದು ಹೊಸ ಹಳ್ಳಿ ಹುಡುಕುವ ಬದಲು ಒಂದೇ ಹಳ್ಳಿಯ ಜೊತೆ ಹಲವು ವರ್ಷ ನಿಲ್ಲುವುದು, ಏನು ಅಧ್ಯಯನ ಮಾಡಬೇಕೆಂದು ಆ ಊರಿನವರನ್ನೇ ಕೇಳುವುದು, ಬರೆದ ವರದಿಯನ್ನು ಅವರ ಮುಂದೆ ಓದಿ ಒಪ್ಪಿಗೆ ಪಡೆಯುವುದು, ವಿದ್ಯಾರ್ಥಿಯ ಮೌಲ್ಯಮಾಪನದಲ್ಲಿ ಅವರ ಮಾತಿಗೂ ತೂಕ ಕೊಡುವುದು ಇದಕ್ಕೆ ಪರಿಹಾರ. ವರದಿ ಕನ್ನಡದಲ್ಲಿರಲಿ, ಮರಾಠಿ ಮಾತಾಡುವ ಊರಿನಲ್ಲಿ ಮರಾಠಿಯಲ್ಲೂ ಇರಲಿ. ಗಡಿವಾದ ಎಷ್ಟೇ ಬಿಸಿಯಾಗಿದ್ದರೂ ಮಹಾಪೂರದ ನೀರು ಭಾಷೆ ಕೇಳಿ ಮನೆ ಹೊಗುವುದಿಲ್ಲ. ಇನ್ನು ಸಮಯದ ಮಾತು. ಸಮುದಾಯದ ಜೊತೆಗಿನ ಒಡನಾಟಕ್ಕೆ ಎರಡು ಕ್ರೆಡಿಟ್‌ನ ಕೋರ್ಸ್ ಇರಲಿ, ಅದರ ಅರ್ಧದಷ್ಟಾದರೂ ಹೊರಗಿನ ಕೆಲಸವಾಗಿರಲಿ ಎಂದು ಯುಜಿಸಿಯ ಚೌಕಟ್ಟು ಈಗಾಗಲೇ ಹೇಳಿದೆ. ಕರ್ನಾಟಕದಲ್ಲಿ 2021–22ರಲ್ಲಿ ಒಂದು, 2024–25ರಲ್ಲಿ ಇನ್ನೊಂದು ಎಂದು ಪದವಿಯ ಸ್ವರೂಪವೇ ಬದಲಾಗಿದೆ. ಇಷ್ಟು ಬದಲಾವಣೆಯ ನಡುವೆ ಈ ಎರಡು ಕ್ರೆಡಿಟ್‌ಗೆ ಜಾಗ ಮಾಡುವುದು 2010ರಿಂದ ನಮ್ಮದೇ ಆಗಿರುವ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಅಸಾಧ್ಯವಲ್ಲ. ಅತಿಥಿ ಉಪನ್ಯಾಸಕರನ್ನೇ ನಂಬಿದ ಕಾಲೇಜುಗಳಲ್ಲಿ ಮಾತ್ರ ಈ ಹೊರೆಯನ್ನು ಸಂಬಳವಿಲ್ಲದ ಹೆಚ್ಚುವರಿ ಕೆಲಸವಾಗಿ ಅವರ ಮೇಲೆ ಹೇರಕೂಡದು. ನ್ಯಾಯದ ಪಾಠವನ್ನು ಅನ್ಯಾಯದಿಂದ ಆರಂಭಿಸಲಾಗದು.

ಇಷ್ಟೆಲ್ಲ ಏಕೆ ಬೇಕು ಎಂಬುದಕ್ಕೆ ಕೊನೆಯ ಕಾರಣ ಈ ಕಾಲೇಜುಗಳಿಂದ ಹೊರಬೀಳುವವರು ಮುಂದೆ ಏನಾಗುತ್ತಾರೆ ಎಂಬುದರಲ್ಲಿದೆ. ಇವರಲ್ಲೇ ಕೆಲವರು ಗ್ರಾಮ ಆಡಳಿತ ಅಧಿಕಾರಿಗಳಾಗುತ್ತಾರೆ, ಪಿಡಿಒಗಳಾಗುತ್ತಾರೆ, ಶಿಕ್ಷಕರಾಗುತ್ತಾರೆ, ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರ ನೋಡುತ್ತಾರೆ, ಮಠ ಬಸದಿಗಳ ಟ್ರಸ್ಟಿಗಳಾಗುತ್ತಾರೆ, ಚಪ್ಪಲಿ ವ್ಯಾಪಾರಿಗಳಾಗುತ್ತಾರೆ. ಮುಂದಿನ ಮಹಾಪೂರ ಇಳಿದ ಮೇಲೆ ಬಿದ್ದ ಮನೆಯ ಮುಂದೆ ನಿಂತು ಎ, ಬಿ, ಸಿ ಎಂದು ಬರೆಯುವ ಕೈ ಇವರದೇ ಆಗಿರುತ್ತದೆ. ಕಬ್ಬಿನ ಗ್ಯಾಂಗಿನ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನವೂ ಇವರದೇ. ಆ ಹೊತ್ತಿಗೆ ಕರುಣೆ ಮಾತ್ರ ಇದ್ದರೆ ಅದು ಮನಸ್ಸು ಬಂದಾಗ ಬರುತ್ತದೆ, ಬೇಸರವಾದಾಗ ಹೋಗುತ್ತದೆ. ನ್ಯಾಯದ ಅರಿವು ಮಾತ್ರ ಇದ್ದು ಆಳದ ನಂಬಿಕೆಯೊಂದು ಬೆನ್ನಿಗಿಲ್ಲದಿದ್ದರೆ ಮೊದಲ ಒತ್ತಡಕ್ಕೇ ಬಾಗಬಹುದು. ಎರಡನ್ನೂ ಕಲಿಸಲು ಬೇಕಾದ ಗುರುಗಳು ಅಥಣಿಯ ಮಠದ ಇತಿಹಾಸದಲ್ಲಿದ್ದಾರೆ, ನಿಪ್ಪಾಣಿಯ ಸಮ್ಮೇಳನದ ದಾಖಲೆಯಲ್ಲಿದ್ದಾರೆ, ಕಬ್ಬೂರಿನಂಥ ಊರುಗಳಲ್ಲಿ ಇಂದಿಗೂ ಬದುಕಿದ್ದಾರೆ. ಅವರನ್ನು ಪಠ್ಯಕ್ಕೆ ಕರೆತರುವ ಕೆಲಸ ಕಾಲೇಜುಗಳದು, ಅದನ್ನು ಕೇಳಿ ಪಡೆಯುವ ಹಕ್ಕು ವಿದ್ಯಾರ್ಥಿಗಳದು.